ವಾಸಿ

ಅವ್ವ ಹರಕೆ ಹೊತ್ತದ್ದು 2012ರ ದೊಡ್ಡ ಜಾತ್ರೆಯ ದಿನ, ನಂಜನಗೂಡಿನ ತೇರಿನ ಬೀದಿಯಲ್ಲಿ. ಐದು ತೇರುಗಳಲ್ಲಿ ದೊಡ್ಡ ತೇರು ಸಾಗುತ್ತಿತ್ತು, ಜನ ಹಣ್ಣು ಜವನ ಎಸೆಯುತ್ತಿದ್ದರು. ನೂಕುನುಗ್ಗಲಿನಲ್ಲಿ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡು, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಕೂಗಿ ಹೇಳಿದಳು: "ನಮ್ಮಪ್ಪ ನಂಜುಂಡ, ನನ್ ಮಗನ್ ಮೈ ವಾಸಿ ಮಾಡು. ಹೊಳೇಲಿ ಮೀಯ್ಸಿ ನಿನ್ ಸುತ್ತ ಉರುಳುಸ್ತೀನಿ." ನನಗಾಗ ಮೂವತ್ತೈದು ವರ್ಷ. ಹರಕೆ ಹೊತ್ತವಳು ಅವಳು, ಉರುಳಬೇಕಾದ ಮೈ ನನ್ನದು. ಹನ್ನೆರಡು ವರ್ಷ ಆ ಮಾತು ನಮ್ಮ ಮನೆಯಲ್ಲಿ ತೀರದ ಬಾಕಿಯ ಹಾಗೆ ಉಳಿಯಿತು. ಅದನ್ನು ತೀರಿಸುವ ಹೊತ್ತು ಬಂದಿದೆಯೇ ಇಲ್ಲವೇ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಆ ಯೋಚನೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಸ್ ಕಂಡಕ್ಟರ್. ಊರು ದೇವನೂರು. ಸಾಹಿತ್ಯ ಓದುವವರಿಗೆ ದೇವನೂರ ಮಹಾದೇವರ ಹೆಸರಿನಿಂದ, ಭಕ್ತರಿಗೆ ಗುರುಮಲ್ಲೇಶ್ವರರ ದಾಸೋಹದ ಮಠದಿಂದ ಗೊತ್ತಿರುವ ಊರು. ನಂಜನಗೂಡು, ಸುತ್ತೂರು, ತಿ. ನರಸೀಪುರದ ಕಡೆಯ ದಾರಿಗಳಲ್ಲಿ ಇಪ್ಪತ್ತೆರಡು ವರ್ಷದಿಂದ ಟಿಕೆಟ್ ಕೊಡುತ್ತಿದ್ದೇನೆ. ಮೊದಲು ಕಾಗದದ ಟಿಕೆಟ್ ಹರಿದು ಕೊಡುತ್ತಿದ್ದೆವು, ಈಗ ಮೆಷಿನ್ನಿಂದ ಬರುತ್ತದೆ. ಹೇಗೆ ಬಂದರೂ ಕೈ ಮುಂದೆ ಚಾಚಲೇಬೇಕು. ಕಂಡಕ್ಟರ್‌ನ ಮುಖ ಯಾರಿಗೂ ನೆನಪಿರುವುದಿಲ್ಲ, ಕೈಯನ್ನು ಮಾತ್ರ ಬಸ್ಸಿನಲ್ಲಿರುವ ಪ್ರತಿಯೊಬ್ಬರೂ ನೋಡುತ್ತಾರೆ.

ಕಾಯಿಲೆ ಶುರುವಾದದ್ದು 2011ರ ಬೇಸಗೆಯಲ್ಲಿ, ಎಡಭುಜದ ಮೇಲೆ. ಬ್ಯಾಗಿನ ಪಟ್ಟಿ ಕೂರುವ ಜಾಗದಲ್ಲೇ ಎರಡು ಬೆರಳಗಲದ ಕೆಂಪು ಗೆರೆ. ಬೆವರಿಗೆ ಪಟ್ಟಿ ಉಜ್ಜಿದ್ದಿರಬೇಕು ಅಂದುಕೊಂಡೆ. ತಿಂಗಳೊಳಗೆ ಆ ಗೆರೆ ದಪ್ಪಗಾಗಿ, ಮೇಲೆ ಬೆಳ್ಳಿ ಬಣ್ಣದ ಹೊಪ್ಪಳೆ ಕಟ್ಟಿತು. ಉಗುರಿನಿಂದ ಎಬ್ಬಿಸಿದರೆ ಮೇಣ ಕೆರೆದ ಹಾಗೆ ಪದರಪದರವಾಗಿ ಬರುತ್ತಿತ್ತು. ಕಡೆಯ ಪದರ ಎದ್ದಾಗ ಅಡಿಯಲ್ಲಿ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು. ಆಮೇಲೆ ಮೊಣಕೈ, ಮೊಣಕಾಲು, ತಲೆ, ಕೊನೆಗೆ ಬೆರಳಿನ ಗೆಣ್ಣುಗಳು. ಉಗುರುಗಳ ಮೇಲೆ ಅಕ್ಕಸಾಲಿಗ ಸಣ್ಣ ಉಳಿಯಿಂದ ಕುಟ್ಟಿದ ಹಾಗೆ ಗುಳಿಗಳು ಬಿದ್ದವು. ಉಜ್ಜಿದ, ತರಚಿದ ಜಾಗದಲ್ಲೇ ಹೊಸ ಹೊಪ್ಪಳೆ ಏಳುವುದು ಈ ಕಾಯಿಲೆಯ ಗುಣ. ಹೈನ್ರಿಚ್ ಕೋಬ್ನರ್ ಎಂಬ ಜರ್ಮನ್ ವೈದ್ಯ 19ನೇ ಶತಮಾನದಲ್ಲೇ ಅದನ್ನು ಗುರುತಿಸಿದ್ದ. ನನ್ನ ಭುಜದ ಮೇಲೆ ಬ್ಯಾಗಿನ ಪಟ್ಟಿ ತನ್ನ ಗುರುತನ್ನು ತಾನೇ ಬರೆದಿತ್ತು. ಆಗ ನನಗೆ ಅದು ತಿಳಿದಿರಲಿಲ್ಲ. ಈಗ ಹೇಳಿಟ್ಟಿರುತ್ತೇನೆ, ಹರಕೆಯ ಮಾತು ಬಂದಾಗ ಬೇಕಾಗುತ್ತದೆ.

ಬಸ್ಸಿನಲ್ಲಿ ಒಬ್ಬ ಹೆಂಗಸು ಇಪ್ಪತ್ತರ ನೋಟನ್ನು ಸೀಟಿನ ಅಂಚಿಗಿಟ್ಟು, "ಟಿಕೀಟು ಚಿಲ್ರೆ ಎಲ್ಡೂ ಅಲ್ಲೇ ಮಡ್ಗಿ" ಅಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಮಡಿಲಲ್ಲಿ ಎಳೆಯ ಮಗು. ಇದು ಅಂಟುವುದಲ್ಲ ಕನಮ್ಮ ಎಂದು ಹೇಳಬೇಕೆನಿಸಿತು, ಗಂಟಲು ಕಟ್ಟಿತು. ನಾಣ್ಯಗಳನ್ನು ಸೀಟಿನ ಮೇಲಿಟ್ಟೆ. ಬಸ್ಸು ಕುಲುಕಿದಾಗ ಒಂದು ನಾಣ್ಯ ಉರುಳಿ ಕೆಳಗೆ ಬಿತ್ತು. ಇಬ್ಬರೂ ಅದನ್ನು ಎತ್ತಿಕೊಳ್ಳಲಿಲ್ಲ. ಒಂದು ಕ್ಷೌರದಂಗಡಿಯಲ್ಲಿ ತಲೆಯ ಹೊಪ್ಪಳೆ ಕಂಡು, "ಅಣ್ಣ, ಬೇರೆ ಗಿರಾಕಿಗಳು ಬರಾಕಿಲ್ಲ" ಅಂದು ಬಟ್ಟೆ ಬಿಚ್ಚಿ ಎಬ್ಬಿಸಿ ಕಳಿಸಿದರು. ಆವತ್ತಿನಿಂದ ಹೆಂಡತಿಯೇ ನನಗೆ ಕತ್ತರಿ ಹಿಡಿದಳು. ಮಠದ ದಾಸೋಹದ ಪಂಕ್ತಿಯಲ್ಲಿ ಕೂತಾಗ ಮಾತ್ರ ಪಕ್ಕದವರು ಎಲೆ ದೂರ ಸರಿಸಿಕೊಂಡದ್ದು ನನಗೆ ನೆನಪಿಲ್ಲ. ಅದನ್ನು ಇವತ್ತಿಗೂ ಕೃತಜ್ಞತೆಯಿಂದ ನೆನೆಯುತ್ತೇನೆ.

ಬಂದವರೆಲ್ಲ ಹೇಳಿದ್ದು ಒಂದೇ ಮಾತು: ನಂಜು ಬಿಡು. ಬದನೆಕಾಯಿ ನಂಜು, ಒಣಮೀನು ನಂಜು, ಹಂದಿ ನಂಜು, ಮೊಟ್ಟೆ ನಂಜು. ನಮ್ಮ ಸೀಮೆಯಲ್ಲಿ ನಂಜು ಅಂದರೆ ವಿಷ, ಗಾಯ ಕೀವಾಗಿಸುವುದೂ ನಂಜು. ಆ ನಂಜನ್ನು ಉಂಡವನೇ ನಂಜುಂಡ. ಎರಡು ವರ್ಷ ಬದನೆಕಾಯಿ ಮುಟ್ಟದೆ ಇದ್ದೆ, ಹೊಪ್ಪಳೆಗಳು ಬರುವಾಗ ಬಂದವು, ಹೋಗುವಾಗ ಹೋದವು.

ಆಮೇಲೆ ಕರ್ಮದ ಮಾತು ಬಂತು. ಭಾವನ ಒತ್ತಾಯಕ್ಕೆ ಒಬ್ಬ ಜೋಯಿಸರ ಬಳಿ ಹೋದೆ. ಅವರು ನನ್ನ ಮೊಣಕೈಯನ್ನು ಬಹಳ ಹೊತ್ತು ನೋಡಿ, ಹಿಂದಿನ ಜನ್ಮದಲ್ಲೋ ತಾತನ ಕಾಲದಲ್ಲೋ ಸರ್ಪಕ್ಕೆ ಕೇಡು ಮಾಡಿದ್ದೀರಿ, ಹಾವು ಪೊರೆ ಬಿಡುವ ಹಾಗೆ ನಿಮ್ಮ ಮೈ ಪೊರೆ ಬಿಡುತ್ತಿದೆ ಅಂದರು. ಆ ಹೋಲಿಕೆ ಎದೆಗೆ ನಾಟಿತು. ಬೆಳಿಗ್ಗೆ ಹಾಸಿಗೆ ಕೊಡವಿದಾಗ ಬೀಳುತ್ತಿದ್ದ ಬಿಳಿ ಚಕ್ಕೆಗಳು ನಿಜಕ್ಕೂ ಹಾಗೆಯೇ ಕಾಣುತ್ತಿದ್ದವು. ಶಾಂತಿ ಮಾಡಿಸಿದೆವು, ಸಾಲವೂ ಆಯಿತು. ಆದರೆ ಸಾಲಕ್ಕಿಂತ ಹೆಚ್ಚಾಗಿ ಕಾಡಿದ್ದು ಬೇರೆ ಪ್ರಶ್ನೆ. ಈ ಕಾಯಿಲೆ ನಾನು ಮಾಡಿದ್ದರ ಫಲವಾದರೆ, ಔಷಧಿ ನುಂಗುವುದು ಸಾಲ ತೀರಿಸದೆ ಊರು ಬಿಟ್ಟು ಓಡಿದ ಹಾಗಾಯಿತಲ್ಲ? ಅನುಭವಿಸಿ ಕಳೆಯಬೇಕಾದ್ದನ್ನು ಮಾತ್ರೆ ನುಂಗಿ ಮುಂದಕ್ಕೆ ದೂಡಿದರೆ, ಅದು ಮಗಳ ಮೈಮೇಲೆ ಬಂದರೆ? ಅವಳಿಗೆ ಆಗ ಏಳು ವರ್ಷ. ರಾತ್ರಿ ಅವಳು ಮಲಗಿದ ಮೇಲೆ ಟಾರ್ಚ್ ಹಿಡಿದು ಅವಳ ಮೊಣಕೈ ನೋಡುತ್ತಿದ್ದೆ.

ನಮ್ಮ ಬಸ್ಸಿನಲ್ಲೇ ಕಾಲೇಜಿಗೆ ಓಡಾಡುತ್ತಿದ್ದ ಮೇಷ್ಟ್ರೊಬ್ಬರು ನನ್ನ ಕೈಗೇ ದುಡ್ಡು ಕೊಡುತ್ತಿದ್ದರು, ಕೈಯಿಂದಲೇ ಚಿಲ್ಲರೆ ಈಸಿಕೊಳ್ಳುತ್ತಿದ್ದರು. ಒಂದು ದಿನ ಅವರ ಮುಂದೆ ಈ ಮಾತು ಆಡಿದೆ. ಅವರು ಎರಡು ಪುಸ್ತಕ ತಂದುಕೊಟ್ಟರು. ಒಂದರಲ್ಲಿ ಸಂಯುತ್ತ ನಿಕಾಯದ ಪ್ರಸಂಗವಿತ್ತು. ಮೋಲಿಯ ಸೀವಕ ಎಂಬ ಪರಿವ್ರಾಜಕ ಬುದ್ಧನನ್ನು ಕೇಳುತ್ತಾನೆ: ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುತ್ತಾರಲ್ಲ, ನೀವೇನು ಹೇಳುತ್ತೀರಿ? ಬುದ್ಧ ಆ ಮಾತನ್ನು ಒಪ್ಪುವುದಿಲ್ಲ. ಪಿತ್ತದಿಂದ, ಕಫದಿಂದ, ವಾತದಿಂದ, ಮೂರೂ ಕೂಡಿ ಕೆಟ್ಟಿದ್ದರಿಂದ, ಋತು ಬದಲಾದ್ದರಿಂದ, ಮೈಯನ್ನು ಸರಿಯಾಗಿ ನೋಡಿಕೊಳ್ಳದ್ದರಿಂದ, ಪೆಟ್ಟಿನಿಂದ ನೋವು ಬರುತ್ತದೆ, ಇದು ಲೋಕವೇ ಕಂಡದ್ದು ಎನ್ನುತ್ತಾನೆ. ಕರ್ಮದ ಫಲವನ್ನೂ ಹೇಳುತ್ತಾನೆ, ಎಂಟರಲ್ಲಿ ಒಂದಾಗಿ. ಎಲ್ಲವೂ ಕರ್ಮವೇ ಎನ್ನುವವರು ಕಣ್ಣಿಗೆ ಕಂಡದ್ದನ್ನು ದಾಟಿ ಮಾತಾಡುತ್ತಿದ್ದಾರೆ ಎಂಬುದು ಅವನ ಆಕ್ಷೇಪ. ಇನ್ನೊಂದು ಪುಸ್ತಕ ಚರಕನದು. ಆಯುಸ್ಸೆಲ್ಲ ಮೊದಲೇ ಗೊತ್ತಾಗಿದ್ದರೆ ಮಂತ್ರವೇಕೆ, ಮೂಲಿಕೆಯೇಕೆ, ವೈದ್ಯನೇಕೆ ಎಂದು ಅವನು ನೇರವಾಗಿ ಕೇಳುತ್ತಾನೆ. ದೈವವನ್ನು ನಂಬಿದ ಚಿಕಿತ್ಸೆ ಒಂದು, ಯುಕ್ತಿಯ ಚಿಕಿತ್ಸೆ ಇನ್ನೊಂದು ಎಂದು ಪಕ್ಕಪಕ್ಕದಲ್ಲೇ ಇಡುತ್ತಾನೆ, ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡು ಅನ್ನುವುದಿಲ್ಲ.

ಅದೇ ಚರಕ ಹದಿನೆಂಟು ಕುಷ್ಠಗಳನ್ನು ಎಣಿಸುತ್ತಾನೆ, ಏಳು ದೊಡ್ಡವು, ಹನ್ನೊಂದು ಸಣ್ಣವು. ಅವುಗಳಲ್ಲಿ ಏಕಕುಷ್ಠ, ಕಿಟಿಭ ಎಂಬ ಹೆಸರಿನವು ನನ್ನ ಕಾಯಿಲೆಯನ್ನು ಹೋಲುತ್ತವೆ ಎಂದು ಆಯುರ್ವೇದದವರು ಹೇಳುತ್ತಾರೆ. ಅಂದರೆ ಆಗ ಕುಷ್ಠವೆಂದರೆ ಚರ್ಮ ಕೆಡಿಸುವ ಕಾಯಿಲೆಗಳೆಲ್ಲಕ್ಕೂ ಒಂದೇ ಮನೆ. ಕನ್ನಡದಲ್ಲಿ ಅದು ಒಂದೇ ರೋಗದ ಹೆಸರಾಗಿ ಉಳಿಯಿತು, ಆ ರೋಗದ ಭಯವೆಲ್ಲ ಮಿಕ್ಕ ಹದಿನೇಳರ ಮೇಲೂ ಸುರಿಯಿತು. ಸೀಟಿನ ಮೇಲೆ ನೋಟಿಟ್ಟ ಆ ತಾಯಿ ಹೆದರಿದ್ದು ನನ್ನ ಕೈಗಲ್ಲ, ಆ ಹಳೆಯ ಪದಕ್ಕೆ.

ಆದರೂ ನನ್ನ ಮನಸ್ಸನ್ನು ಪೂರ್ತಿ ಬಿಡಿಸಿದ್ದು ಪುಸ್ತಕವಲ್ಲ, ಅವ್ವನ ಅಪ್ಪ. ಅವರು ನೀಲಗಾರರು. ತಂಬೂರಿ ಹಿಡಿದು, ಗಗ್ಗರ ಕುಟ್ಟುತ್ತ ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯಿಡೀ ಹಾಡುತ್ತಿದ್ದರು. ಚಿಕ್ಕವನಿದ್ದಾಗ ಅವರ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದೆ. ಕಲ್ಯಾಣದ ಭಾಗದಲ್ಲಿ ಗುರುವು ಶರಣರನ್ನು ಪರೀಕ್ಷಿಸಲು ಬರುತ್ತಾನೆ. ಹೇಗೆ ಬರುತ್ತಾನೆ? ಮೈತುಂಬ ಹುಣ್ಣು, ನೊಣ ಮುತ್ತಿದ ಮೈ, ಹತ್ತಿರ ಸುಳಿಯಲಾಗದ ನಾತ. ಶರಣರು ಮೂಗು ಮುಚ್ಚುತ್ತಾರೆ, ಬಾಗಿಲು ಹಾಕುತ್ತಾರೆ. ಬಸವಣ್ಣನಿಗೆ ಮಾತ್ರ ಬಂದವನು ಯಾರೆಂದು ತಿಳಿಯುತ್ತದೆ. ಹತ್ತಾರು ಸಲ ಕೇಳಿದ್ದ ಕಥೆ ಅದು. ಕೈಯ ಮೇಲೆ ಹೊಪ್ಪಳೆ ಬಂದ ಮೇಲೆ ಒಂದು ರಾತ್ರಿ ಅದು ಬೇರೆಯಾಗಿ ಕೇಳಿಸಿತು. ಈ ಕಥೆಯಲ್ಲಿ ಕೆಟ್ಟ ಚರ್ಮ ಯಾರ ಪಾಪದ ಗುರುತೂ ಅಲ್ಲ. ಅದನ್ನು ತೊಟ್ಟು ಬಂದವನು ಗುರು. ಪರೀಕ್ಷೆ ನಡೆಯುತ್ತಿರುವುದು ನೋಡುವವರಿಗೆ. ಕೆಳಗಿನ ಜನ ತಮ್ಮ ದೇವರಿಗೆ ಹುಣ್ಣಿನ ಮೈಯನ್ನೇ ಕೊಟ್ಟು ಹಾಡಿಕೊಂಡು ಬಂದರಲ್ಲ, ಆ ಧೈರ್ಯಕ್ಕೆ ನಾನು ಕೈ ಮುಗಿಯುತ್ತೇನೆ. ಮಗಳ ಮೊಣಕೈಗೆ ಟಾರ್ಚ್ ಬಿಡುವುದನ್ನು ಆ ರಾತ್ರಿಯಿಂದ ನಿಲ್ಲಿಸಿದೆ. ಮನೆತನದಲ್ಲಿ ಇದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಹೆಚ್ಚು ಎಂದು ಡಾಕ್ಟರು ಆಮೇಲೆ ಹೇಳಿದ್ದಾರೆ. ಬಂದರೆ ಬರಲಿ, ನಾಚಿಕೆ ಜೊತೆಗೆ ಬರುವುದು ಬೇಡ.

ಮೈಸೂರಿನ ದೊಡ್ಡಾಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋದದ್ದು 2014ರಲ್ಲಿ. ಅದಕ್ಕೆ ಮೊದಲು ಅಂಗಡಿಯಲ್ಲಿ ಕೇಳಿ ಕೇಳಿ ತಂದ ಟ್ಯೂಬುಗಳನ್ನು ಹಚ್ಚಿದ್ದೆ. ಹಚ್ಚಿದಾಗ ಹೊಪ್ಪಳೆ ಮಾಯ, ಬಿಟ್ಟಾಗ ಎರಡರಷ್ಟು. ಅವೆಲ್ಲ ಸ್ಟಿರಾಯ್ಡ್ ಎಂದು ಡಾಕ್ಟ್ರಮ್ಮ ಹೇಳಿದಾಗ ಗೊತ್ತಾಯಿತು. ಅವರು ಮೆಥೋಟ್ರೆಕ್ಸೇಟ್ ಬರೆದರು. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧಿ. ತಪ್ಪಿ ದಿನಾ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ಯಾವ ವಾರ ಎಂದು ಕೇಳಿದರು. ಅವ್ವ ಪಕ್ಕದಿಂದ, "ಸ್ವಾಮಾರ" ಅಂದಳು. ನಂಜುಂಡನ ದಿನ. ಡಾಕ್ಟ್ರಮ್ಮ ಚೀಟಿಯ ಮೇಲೆ ಕೆಂಪು ಅಕ್ಷರದಲ್ಲಿ 'ಸೋಮವಾರ ಮಾತ್ರ' ಎಂದು ಬರೆದು ಎರಡು ಗೆರೆ ಎಳೆದರು. ನಾಲ್ಕು ವರ್ಷ ಸೋಮವಾರ ಬೆಳಿಗ್ಗೆ ಅವ್ವ ದೀಪ ಹಚ್ಚಿ, ವಿಭೂತಿ ಇಟ್ಟು, ತಟ್ಟೆಯಲ್ಲಿ ಮಾತ್ರೆ ತಂದುಕೊಡುತ್ತಿದ್ದಳು. ಮಾರನೆಯ ದಿನ ಫೋಲಿಕ್ ಆಸಿಡ್. ಆಂಧ್ರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದಲ್ಲಿ ಮುನ್ನಡೆಸಿದ ತಂಡದಿಂದ ಬಂದ ಔಷಧಿ ಈ ಮೆಥೋಟ್ರೆಕ್ಸೇಟ್, ಮೊದಲು ರಕ್ತದ ಕ್ಯಾನ್ಸರಿಗೆಂದು ಹುಡುಕಿದ್ದು. ಅದು ನನ್ನನ್ನು ಕಾಪಾಡಿತು. ಆದರೆ ರಕ್ತ ಪರೀಕ್ಷೆಯಲ್ಲಿ ಈಲಿಯ ಅಂಕಿಗಳು ಏರತೊಡಗಿದಾಗ ನಿಲ್ಲಿಸಬೇಕಾಯಿತು. ನಿಲ್ಲಿಸಿದ ಮೂರನೇ ತಿಂಗಳಿಗೆ ಗೆಣ್ಣುಗಳ ಮೇಲೆ ಮತ್ತೆ ಬೆಳ್ಳಿ.

ಆಗ ಬಂತು ಹೊಸ ಬಗೆಯ ಮಾತ್ರೆ, ಅಪ್ರೆಮಿಲಾಸ್ಟ್. 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು. ನನ್ನ ಕಾಯಿಲೆಯಾದ ಸೋರಿಯಾಸಿಸ್ ಅಂಟುವ ರೋಗವಲ್ಲ, ಆದರೂ ಜನರನ್ನು ಹೊರಗಿಡುವ ಗಂಭೀರ ರೋಗ ಎಂದು ವಿಶ್ವ ಆರೋಗ್ಯ ಸಭೆ ಗೊತ್ತುವಳಿ ಮಾಡಿದ್ದೂ ಅದೇ ವರ್ಷದ ಮೇ ತಿಂಗಳಲ್ಲಿ. ಕೆಲವು ವರ್ಷಗಳಲ್ಲಿ ನಮ್ಮ ದೇಶದ ಕಂಪನಿಗಳೇ ತಯಾರಿಸಿದ್ದರಿಂದ ಅದು ನನ್ನಂಥವನ ಕೈಗೂ ಎಟುಕಿತು. ಸೂಜಿಮದ್ದುಗಳು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತವೆ, ಆದರೆ ಅವುಗಳ ಬೆಲೆ ನನ್ನ ಸಂಬಳಕ್ಕೆ ಒಗ್ಗುವುದಿಲ್ಲ.

ಈ ಮಾತ್ರೆ ಏನು ಮಾಡುತ್ತದೆ ಎಂದು ಡಾಕ್ಟ್ರಮ್ಮ ಹೇಳಿದ್ದನ್ನು ನಾನು ನನ್ನ ಕಸುಬಿನ ಮಾತಿನಲ್ಲೇ ಅರ್ಥ ಮಾಡಿಕೊಂಡೆ. ಚರ್ಮದ ಕೋಶ ಬುಡದಲ್ಲಿ ಹುಟ್ಟಿ, ಮೇಲೆ ಬಂದು, ಉದುರಿಹೋಗಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ನನ್ನ ಹೊಪ್ಪಳೆಯ ಜಾಗದಲ್ಲಿ ಅದು ಮೂರರಿಂದ ಐದು ದಿನಕ್ಕೇ ಮೇಲೆ ಬಂದುಬಿಡುತ್ತದೆ. ನಿಲ್ದಾಣದಲ್ಲಿ ಯಾರೋ ಬಿಡದೆ ವಿಷಲ್ ಊದುತ್ತಿದ್ದಾರೆ, ಜನ ಹತ್ತುವ ಮೊದಲೇ ರೈಟ್ ರೈಟ್ ಅನ್ನುತ್ತಿದ್ದಾರೆ, ಬಸ್ಸಿನ ಹಿಂದೆ ಬಸ್ಸು ಖಾಲಿಯಾಗಿ ಹೊರಟು ದಾರಿಯಲ್ಲಿ ಒಂದರ ಮೇಲೊಂದು ನಿಂತಿವೆ. ಆ ವಿಷಲ್ ಊದುವವರು ಹೊರಗಿನವರಲ್ಲ. ರೋಗಾಣು ಬಂದಾಗ ಎಚ್ಚರಿಸಲಿಕ್ಕೆಂದು ಮೈಯೊಳಗೆ ಇರುವ ಕಾವಲು ಕೋಶಗಳೇ, ಶತ್ರುವಿಲ್ಲದ ಕಡೆ ಶತ್ರುವನ್ನು ಕಂಡು, ಇಂಟರ್‌ಲ್ಯೂಕಿನ್-23, ಇಂಟರ್‌ಲ್ಯೂಕಿನ್-17 ಎಂಬ ಸಂದೇಶಗಳನ್ನು ಕಳಿಸುತ್ತಲೇ ಇರುತ್ತವೆ. ಕೋಶದೊಳಗೆ ಪಿಡಿಇ-4 ಎಂಬ ಕಿಣ್ವವಿದೆ. ಕೋಶವನ್ನು ಸಮಾಧಾನದಲ್ಲಿ ಇಡುವ ಸೈಕ್ಲಿಕ್ ಎಎಂಪಿ ಎಂಬ ವಸ್ತುವನ್ನು ಅದು ಒಡೆದುಹಾಕುತ್ತದೆ. ಅಪ್ರೆಮಿಲಾಸ್ಟ್ ಆ ಒಂದು ಕಿಣ್ವವನ್ನು ತಡೆದು ನಿಲ್ಲಿಸುತ್ತದೆ. ವಿಷಲ್ ಪೂರ್ತಿ ನಿಲ್ಲುವುದಿಲ್ಲ, ನಿಲ್ಲಲೂಬಾರದು, ಮೆಲ್ಲಗಾಗುತ್ತದೆ. ಗುರಿಯಿಟ್ಟ ಔಷಧಿ ಅನ್ನುವುದು ಇದಕ್ಕೆ.

ಮೊದಲ ದಿನ 10 ಮಿಲಿಗ್ರಾಂ, ದಿನದಿನಕ್ಕೆ ಏರಿಸುತ್ತಾ ವಾರದೊಳಗೆ ದಿನಕ್ಕೆ ಎರಡು ಸಲ 30. ಮೊದಲ ಮೂರು ವಾರ ಹೊಟ್ಟೆ ಕೆಟ್ಟು, ಡ್ಯೂಟಿಗೆ ಹೋಗುವುದೇ ಕಷ್ಟವಾಯಿತು. ತಲೆನೋವು. ಮೈ ತೂಕ ಇಳಿಯಿತು. ಆಮೇಲೆ ಮೈ ಒಗ್ಗಿಕೊಂಡಿತು. ಪ್ರತಿ ಸಲ ಹೋದಾಗಲೂ ಡಾಕ್ಟ್ರಮ್ಮ, "ಮನಸ್ಸು ಹೇಗಿದೆ? ಬೇಜಾರಾಗುತ್ತಾ? ನಿದ್ದೆ ಬರುತ್ತಾ?" ಎಂದು ಕೇಳುತ್ತಿದ್ದರು. ಈ ಮಾತ್ರೆ ಕೆಲವರ ಮನಸ್ಸನ್ನು ಕುಗ್ಗಿಸುತ್ತದಂತೆ, ಅದಕ್ಕೇ ಕೇಳುವುದು. ಕಾಯಿಲೆ ಬಂದು ಎಷ್ಟೋ ವರ್ಷವಾಗಿತ್ತು. ಮನಸ್ಸು ಹೇಗಿದೆ ಎಂದು ನನ್ನನ್ನು ಕೇಳಿದವರು ಅವರೇ ಮೊದಲಿಗರು. ಆ ಕುರ್ಚಿಯಲ್ಲೇ ಕೂತು ಅತ್ತೆ.

ನಾಲ್ಕನೇ ತಿಂಗಳಿಗೆ ಗೆಣ್ಣುಗಳು ತಿಳಿಯಾದವು. ಕೈ ಚಾಚಿದರೆ ಯಾರೂ ನೋಡಲಿಲ್ಲ. ಕೈಯನ್ನು ಯಾರೂ ನೋಡದಿರುವುದು ಎಂಥ ಸುಖ ಎಂಬುದು ಅದನ್ನು ಕಳೆದುಕೊಂಡವರಿಗೇ ಗೊತ್ತು.

"ನಂಜುಂಡ ಕಣ್ಣು ಬುಟ್ಟ" ಅಂದಳು ಅವ್ವ. ದೇವರೋ ಮಾತ್ರೆಯೋ ಎಂದು ನಾನು ವಾದಕ್ಕೆ ನಿಂತೆ. ಡಾಕ್ಟ್ರಮ್ಮ ಇನ್ನೊಂದು ಹೊಸ ಮಾತ್ರೆಯ ವಿಷಯ ಹೇಳುತ್ತಾ ಒಂದು ಪರೀಕ್ಷೆಯ ಲೆಕ್ಕ ಕೊಟ್ಟಿದ್ದರು. ಡ್ಯೂಕ್ರಾವಾಸಿಟಿನಿಬ್ ಎಂದು ಅದರ ಹೆಸರು, 2022ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು, ಟಿವೈಕೆ-2 ಎಂಬ ಕಿಣ್ವವನ್ನು ಹಿಡಿಯುತ್ತದೆ, ದಿನಕ್ಕೆ ಒಂದೇ ಸಲ 6 ಮಿಲಿಗ್ರಾಂ. ಅಷ್ಟು ಉದ್ದದ ಹೆಸರಿನಲ್ಲಿ ಅವ್ವನ ಕಿವಿಗೆ ಬಿದ್ದದ್ದು 'ವಾಸಿ' ಎಂಬ ಎರಡು ಅಕ್ಷರ. ಒಂದು ಪರೀಕ್ಷೆಯಲ್ಲಿ ಹೊಸ ಮಾತ್ರೆ, ನನ್ನ ಮಾತ್ರೆ, ಮದ್ದಿಲ್ಲದ ಬರೀ ಮಾತ್ರೆ ಮೂರನ್ನೂ ಹೋಲಿಸಿದರು. ಹದಿನಾರು ವಾರಕ್ಕೆ ಕಾಯಿಲೆ ಮುಕ್ಕಾಲು ಪಾಲು ಇಳಿದವರು, ಹೊಸದರಲ್ಲಿ ನೂರಕ್ಕೆ 58, ನನ್ನದರಲ್ಲಿ 35, ಬರೀ ಮಾತ್ರೆಯಲ್ಲಿ 13.

ಈ ಮೂರು ಅಂಕಿ ನನ್ನನ್ನು ಬಹಳ ದಿನ ಬಿಡಲಿಲ್ಲ. ನಾನು ಆ ಮೂವತ್ತೈದರಲ್ಲಿ ಒಬ್ಬ. ನನಗೆ ಕಣ್ಣು ಬಿಟ್ಟವನು ನಂಜುಂಡನಾದರೆ, ಅದೇ ಮಾತ್ರೆ ನುಂಗಿ ಅಷ್ಟು ಇಳಿಯದೇ ಉಳಿದ ಅರವತ್ತೈದು ಜನರ ಕಡೆಗೆ ಅವನು ಕಣ್ಣು ಮುಚ್ಚಿಕೊಂಡನೇ? ಅವರ ತಾಯಂದಿರೂ ಯಾವ ಯಾವ ತೇರಿನ ಮುಂದೆಯೋ ಕೂಗಿಕೊಂಡಿರುತ್ತಾರೆ. ನನ್ನನ್ನು ಆರಿಸಿಕೊಂಡು ಅವರನ್ನು ಬಿಟ್ಟ ದೇವರಿಗೆ ನಾನು ಕೈ ಮುಗಿಯಲಾರೆ. ಅದು ಜೋಯಿಸರ ಕರ್ಮದ ಲೆಕ್ಕವನ್ನೇ ತಿರುವಿ ಹಾಕಿದಂತೆ: ಕಾಯಿಲೆ ಪಾಪಕ್ಕೆ ಬಂತು ಅನ್ನುವುದೂ, ವಾಸಿ ಪುಣ್ಯಕ್ಕೆ ಆಯಿತು ಅನ್ನುವುದೂ ಒಂದೇ ಮಾತು. ಇನ್ನು ಬರೀ ಮಾತ್ರೆಯ ಆ ಹದಿಮೂರು ಜನ. ಈ ಕಾಯಿಲೆ ತಾನಾಗಿಯೂ ಏರಿಳಿಯುತ್ತದೆ, ಅದು ಸರಿ. ಆದರೂ ಅವರನ್ನು ನೆನೆದಾಗ ಮೈಯ ವಿಷಯದಲ್ಲಿ ನಮಗೆ ತಿಳಿದದ್ದು ಎಷ್ಟು ಕಡಿಮೆ ಅನಿಸುತ್ತದೆ. ತಿ. ನರಸೀಪುರದ ಸಂಗಮದಲ್ಲಿ ಕಾವೇರಿ ಕಾಣುತ್ತದೆ, ಕಪಿಲೆ ಕಾಣುತ್ತದೆ, ಸ್ಫಟಿಕ ಸರೋವರ ಕಾಣುವುದಿಲ್ಲ. ಆದರೂ ಮೀಯುವವರು ಮೂರನ್ನೂ ಎಣಿಸುತ್ತಾರೆ.

ಅವ್ವನಿಗೆ ಇಷ್ಟನ್ನೂ ಹೇಳಿದೆ. ಅರವತ್ತೈದರ ಮಾತು ಬಂದಾಗ ಅವಳು ಸುಮ್ಮನಾದಳು. ಬಹಳ ಹೊತ್ತಿನ ಮೇಲೆ, "ಅವ್ರಿಗೂ ಆ ಹೊಸ ಮಾತ್ರ ಸಿಗ್ಲಿ ಅಂತ ಬೇಡ್ಕತೀನಿ ಬುಡು" ಅಂದಳು. ನನ್ನ ಪ್ರಶ್ನೆಗೆ ಅದು ಉತ್ತರವಲ್ಲ. ಆದರೆ ನಾನು ಪ್ರಶ್ನೆ ಕೇಳಿದ್ದೆ, ಅವಳು ಆ ಅರವತ್ತೈದು ಜನರಿಗಾಗಿ ಏನಾದರೂ ಮಾಡಿದಳು.

ಅವಳಿಗೆ ದೇವರು ಬೇರೆ ವೈದ್ಯ ಬೇರೆ ಎಂಬ ಗಡಿಯೇ ಇಲ್ಲ. ನಂಜನಗೂಡಿನವರಿಗೆ ಅದು ಇರುವುದು ಕಷ್ಟ. ಟಿಪ್ಪುವಿನ ಪಟ್ಟದಾನೆಯ ಕಣ್ಣು ನಂಜುಂಡನ ಸನ್ನಿಧಿಯಲ್ಲಿ ವಾಸಿಯಾಯಿತೆಂದೂ, ಸುಲ್ತಾನ ಹಕೀಮ ನಂಜುಂಡ ಎಂದು ಕರೆದು ಪಚ್ಚೆಯ ಲಿಂಗ ಒಪ್ಪಿಸಿದನೆಂದೂ ಇಲ್ಲಿ ಮಕ್ಕಳಿಗೂ ಗೊತ್ತು. ಬಿ. ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ತೆರೆದದ್ದು ಇದೇ ಊರಿನಲ್ಲಿ, ಅದರ ಹಲ್ಲುಪುಡಿಯ ಕೆಂಪು ನಮ್ಮ ಬಾಲ್ಯದ ಬಾಯಿಗಳ ಬಣ್ಣ. ಈಗ ಕೈಗಾರಿಕಾ ಪ್ರದೇಶದಲ್ಲಿ ಮಾತ್ರೆ ಮಾಡುವವರಿದ್ದಾರೆ, ಬೆಳಗಿನ ಪಾಳಿಯವರು ನಮ್ಮ ಬಸ್ಸು ಹತ್ತುತ್ತಾರೆ.

ಹರಕೆಯ ಕಷ್ಟ ಬೇರೆಯೇ ಇತ್ತು. "ಇದು ಪೂರ್ತಿ ಗುಣವಾಗುವುದಿಲ್ಲ. ಹಿಡಿದಿಡಬಹುದು ಅಷ್ಟೆ. ಮಾತ್ರೆ ಬಿಟ್ಟರೆ ಬಹುಶಃ ಮತ್ತೆ ಬರುತ್ತದೆ" ಎಂದು ಡಾಕ್ಟ್ರಮ್ಮ ಮೊದಲ ದಿನವೇ ಹೇಳಿದ್ದರು. ಗುಣವಾಗದ್ದಕ್ಕೆ ಹರಕೆ ತೀರಿಸುವುದು ದೇವರ ಮುಂದೆ ಸುಳ್ಳು ಹೇಳಿದ ಹಾಗೆ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಅದನ್ನೇ ಅವ್ವನಿಗೆ ಹೇಳಿದೆ.

"ಗುಣ ಮಾಡು ಅಂತ ನಾನ್ಯಾವಾಗ ಕೇಳ್ದೆ ಮೊಗ?" ಅಂದಳು. "ವಾಸಿ ಮಾಡು ಅಂದಿದ್ದೆ. ಹ್ವಾದೊರ್ಸಕ್ಕಿಂತ ಈಗ ವಾಸಿ ಅಲ್ವ?"

ನಾನು ಸುಮ್ಮನೆ ಕೂತೆ. ದಿನಾ ಆಡುವ ಮಾತು, ಅದರೊಳಗೆ ಏನಿದೆ ಎಂದು ನೋಡಿಯೇ ಇರಲಿಲ್ಲ. ಜ್ವರ ವಾಸಿಯಾಯಿತು ಅನ್ನುತ್ತೇವೆ. ಆ ಎತ್ತಿಗಿಂತ ಈ ಎತ್ತು ವಾಸಿ ಅಂತಲೂ ಅನ್ನುತ್ತೇವೆ. ಕನ್ನಡದ ವಾಸಿಯಲ್ಲಿ ಯಾವಾಗಲೂ ಇನ್ನೊಂದರ ಹೋಲಿಕೆ ಅಡಗಿರುತ್ತದೆ: ನಿನ್ನೆಗಿಂತ, ಮೊನ್ನೆಗಿಂತ. ಕಾಯಿಲೆ ಬೇರುಸಹಿತ ಹೋಗಬೇಕು ಎಂದು ಆ ಪದ ಕೇಳುವುದಿಲ್ಲ. ನಂಜುಂಡನ ಕಥೆಯೂ ಅಲ್ಲಿಗೇ ಬರುತ್ತದೆ ಅಲ್ಲವೇ? ಹಾಲಾಹಲವನ್ನು ಅವನು ಉಗುಳಲಿಲ್ಲ, ಉಗುಳಿದ್ದರೆ ಲೋಕ ಸುಡುತ್ತಿತ್ತು. ನುಂಗಲೂ ಇಲ್ಲ. ಕೆಳಗಿಳಿಯದಂತೆ ಪಾರ್ವತಿ ಗಂಟಲನ್ನು ಒತ್ತಿ ಹಿಡಿದಳು, ಅದು ಅಲ್ಲೇ ನಿಂತಿತು, ಇವತ್ತಿಗೂ ನಿಂತಿದೆ. ನಾವು ಪೂಜಿಸುತ್ತಿರುವುದು ವಿಷ ಕಳೆದುಕೊಂಡ ದೇವರನ್ನಲ್ಲ, ವಿಷವನ್ನು ಗಂಟಲಲ್ಲಿ ಇಟ್ಟುಕೊಂಡೇ ಬದುಕಿರುವ ದೇವರನ್ನು. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ನುಂಗುವಾಗ ನನ್ನ ಗಂಟಲ ಮೇಲೂ ಒಂದು ಕೈ ಇದೆ ಅನ್ನಿಸುತ್ತದೆ. ಅದು ಅವ್ವನದು, ಕತ್ತರಿ ಹಿಡಿದ ಹೆಂಡತಿಯದು, ಮನಸ್ಸು ಹೇಗಿದೆ ಎಂದು ಕೇಳಿದ ಡಾಕ್ಟ್ರಮ್ಮನದು, ಹೆಸರು ಗೊತ್ತಿಲ್ಲದ ಎಷ್ಟೋ ಜನರದು.

ಹಾಗಾದರೆ ಹರಕೆ ತೀರಿಸುವ ಹೊತ್ತು ಬಂದೇ ಇತ್ತು. ಉಳಿದದ್ದು ಉರುಳುವುದು. ಕಲ್ಲು ಹಾಸಿನ ಮೇಲೆ ಉರುಳಿದರೆ ಮೊಣಕೈ, ಮೊಣಕಾಲು ತರಚುತ್ತದೆ. ತರಚಿದಲ್ಲಿ, ಎರಡು ವಾರದೊಳಗೆ, ಮತ್ತೆ ಹೊಪ್ಪಳೆ ಏಳಬಹುದು. ವಾಸಿಯಾದದ್ದಕ್ಕೆ ಮಾಡುವ ಸೇವೆಯೇ ಕಾಯಿಲೆಯನ್ನು ಕರೆದು ತರುತ್ತದೆ. ಇದನ್ನು ಅವ್ವನಿಗೆ ಹೇಳಲು ಎರಡು ತಿಂಗಳು ಹಿಂಜರಿದೆ. ಹೇಳಿದಾಗ ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. "ಅವ್ನು ಹಕೀಮ ಕನ. ಯಾರ್ಗೆ ಏನು ಆಗ್ಬರಾಕಿಲ್ಲ ಅಂತ ಹಕೀಮನ್ಗೆ ಗೊತ್ತಿಲ್ವ? ನೀ ಉರುಳ್ಬ್ಯಾಡ. ಹೊತ್ತೋಳು ನಾನು, ನಾ ಉರುಳ್ತೀನಿ."

ಅವಳಿಗೆ ಎಪ್ಪತ್ತನಾಲ್ಕು. ಎಷ್ಟು ಬೇಡವೆಂದರೂ ಕೇಳಲಿಲ್ಲ. 2024ರ ಕಾರ್ತೀಕದ ಒಂದು ಸೋಮವಾರ, ಇನ್ನೂ ಕತ್ತಲೆ ಇರುವಾಗಲೇ ಕಪಿಲೆಗಿಳಿದೆವು. ನೀರು ತಣ್ಣಗಿತ್ತು. ನಾನೂ ಮುಳುಗಿದೆ, ಅವಳು ಮೂರು ಸಲ ಮುಳುಗಿ ಎದ್ದಳು. ಒದ್ದೆ ಸೀರೆಯಲ್ಲೇ ಗುಡಿಯವರೆಗೆ ನಡೆದು, ನೆಲಕ್ಕೆ ಹಣೆ ಹಚ್ಚಿ, ಎರಡೂ ಕೈಯನ್ನು ತಲೆಯ ಮುಂದಕ್ಕೆ ಚಾಚಿ ಮಲಗಿದಳು. ಹೆಂಡತಿ ಅವಳ ಸೆರಗು ಸರಿಮಾಡುತ್ತಾ ಒಂದು ಪಕ್ಕ, ನಾನು ಇನ್ನೊಂದು ಪಕ್ಕ ಬಗ್ಗಿ ನಡೆಯುತ್ತಾ, ಭುಜಕ್ಕೆ ಕೈ ಕೊಟ್ಟು ಹೊರಳಿಸಿದೆವು. ಅವಳು ಹೋದ ಕಡೆಯೆಲ್ಲ ಕಲ್ಲಿನ ಮೇಲೆ ನೀರಿನ ಪಟ್ಟಿ ಬಿದ್ದಿತ್ತು. ನಾನು ಅದನ್ನು ತುಳಿಯದಂತೆ ಪಾದಕ್ಕೆ ಪಾದ ಸೇರಿಸಿ ಹೆಜ್ಜೆ ಹಾಕಿದೆ. ಅರ್ಧ ಸುತ್ತಿಗೆ ಉಸಿರು ಕಟ್ಟಿತು, ನಿಂತಳು. ಸಾಕು ಅವ್ವ ಅಂದೆ. ತಲೆಯಾಡಿಸಿ ಮತ್ತೆ ಹೊರಳಿದಳು. ಒಂದು ಸುತ್ತು ಮುಗಿಸಿಯೇ ಎದ್ದು ಕೂತಳು.

ಹೊರಗೆ ಬಂದು ಕಂಬಕ್ಕೊರಗಿ ಕೂತಾಗ ನೋಡಿದೆ, ಬಲ ಮೊಣಕೈ ತರಚಿ ಕೆಂಪಗಾಗಿತ್ತು. ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು. ನನ್ನ ಕಣ್ಣಿಗೆ ಬಹಳ ಪರಿಚಯದ ಚುಕ್ಕೆಗಳವು, ಎದೆ ಝಲ್ಲೆಂದಿತು. ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುವ ವ್ಯಾಸಲೀನ್ ಡಬ್ಬಿ ತೆಗೆದು, ಅವಳ ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಹಚ್ಚಿದೆ. ಹನ್ನೆರಡು ವರ್ಷ ನನ್ನ ಮೊಣಕೈಗೆ ಕೊಬ್ಬರಿ ಎಣ್ಣೆ ಸವರಿದ ಕೈ ಅದು. ಆಮೇಲೆ ದಿನವೂ ಡ್ಯೂಟಿಗೆ ಹೊರಡುವ ಮುಂಚೆ ಅವಳ ತೋಳನ್ನು ಬೆಳಕಿಗೆ ತಿರುಗಿಸಿ ನೋಡುತ್ತಿದ್ದೆ. ಎರಡನೇ ದಿನ ಕಪ್ಪಗೆ ಹಕ್ಕಳೆ ಕಟ್ಟಿತು. ಒಂಬತ್ತನೇ ದಿನ ಅದು ತಾನಾಗಿ ಉದುರಿ, ಅಡಿಯಲ್ಲಿ ಎಳೆಯ ಚರ್ಮ ಕಂಡಿತು.